ರಂಗೋಲಿ ಗೆರೆಯ ಮನೆ

ಹೂ ಮಾರುವ ಪುಟ್ಟತಾಯಮ್ಮ ತನ್ನ ಮನೆಯ ತಾರಸಿ ಮೇಲೆ ಇನ್ನೊಂದು ಮನೆ ಕಟ್ಟಲು ಬ್ಯಾಂಕಿನಲ್ಲಿ ಸಾಲ ಕೇಳಿದಳು. ಬಾಡಿಗೆ ದುಡ್ಡಲ್ಲೇ ಕಂತು ಕಟ್ಟುತ್ತೇನೆ ಎಂದಳು.

"ಇಲ್ಲದ ಮನೆಗೆ ಬಾಡಿಗೆಗೆ ಯಾರಮ್ಮ ಬರ್ತಾರೆ? ಪುರಾವೆ ತೋರಿಸು," ಎಂದು ಮ್ಯಾನೇಜರು ಗದರಿದರು.

"ಭಾನುವಾರ ಸಂಜೆ ಬಂದು ನೋಡಿ ಸಾರ್."

ಭಾನುವಾರ ಅವಳು ತಾರಸಿ ತುಂಬ ರಂಗೋಲಿ ಪುಡಿಯಲ್ಲಿ ಗೋಡೆ, ಬಾಗಿಲು, ಕೋಣೆಗಳ ಗೆರೆ ಎಳೆದು ಮನೆ ಬರೆದಳು. ಬೀದಿಗೆ ಕಾಣುವಂತೆ 'ಮನೆ ಬಾಡಿಗೆಗಿದೆ' ಅಂತ ಬೋರ್ಡು ತೂಗುಹಾಕಿದಳು.

ಮ್ಯಾನೇಜರು ಮೆಟ್ಟಿಲು ಹತ್ತಿ ಬಂದರೆ, ಬಾಡಿಗೆ ಮನೆ ಹುಡುಕುತ್ತಾ ಬೋರ್ಡು ನೋಡಿ ಬಂದಿದ್ದ ಅವರ ಹೆಂಡತಿಯೇ ಗೆರೆಯ ಅಡುಗೆಮನೆಯಲ್ಲಿ ತಂಗಾಳಿಗೆ ಕಣ್ಮುಚ್ಚಿ ನಿಂತಿದ್ದರು!

ಸದ್ದಿಗೆ ಕಣ್ಣು ಬಿಟ್ಟು, "ಅಯ್ಯೋ, ಗೋಡೆ ತುಳ್ಕೊಂಡು ಬರ್ತೀರಲ್ರೀ! ಬಾಗಿಲು ಆ ಕಡೆ," ಎಂದರು.

ಮ್ಯಾನೇಜರು ಹಿಂದೆ ಸರಿದು, ಸುತ್ತಿ ಹೋಗಿ, ಚಪ್ಪಲಿ ಬಿಟ್ಟು, ಬಾಗಿಲಿಂದಲೇ ಒಳಗೆ ಬಂದರು.

"ಇನ್ನೂ ಪುರಾವೆ ಬೇಕಾ ಸಾರ್?" ಎಂದಳು ಪುಟ್ಟತಾಯಮ್ಮ.