ಗಾಯದ ಪಟ್ಟಿಯೂ ಪಾಚಿಯಜ್ಜಿಯೂ

ಕಡಲಪಾಚಿಯ ಅಂಟನ್ನು ಕಾರ್ಖಾನೆಯ ರಸಾಯನದಲ್ಲಿ ಪಳಗಿಸಿ, ಎಳೆ ತೆಗೆದು, ಹತ್ತಿಯಂತೆ ಬೆಳ್ಳಗೆ ಮಾಡಿದ ಗಾಯದ ಪಟ್ಟಿಯೊಂದು ಮೀನುಗಾರ ಜಟ್ಟನ ಹಿಮ್ಮಡಿಯ ಮೇಲೆ ಕೂತು ಕಡಲತಡಿಗೆ ಬಂತು. ಬಂಡೆಗೆ ಅಂಟಿಕೊಂಡಿದ್ದ ಪಾಚಿಯಜ್ಜಿ ಕಂಡೊಡನೆ ಗುರುತು ಹಿಡಿದಳು.

“ಬಂದೆಯಾ ಮಗಾ? ನೀನು ನಮ್ಮ ಮನೆಯವನಲ್ಲವೇ?”

ಸುತ್ತಲಿನ ಏಡಿಗಳೆಲ್ಲ ಕೇಳಿಸಿಕೊಳ್ಳುತ್ತಿದ್ದವು. ಪಟ್ಟಿ ನಾಚಿಕೆಯಿಂದ ಹಿಡಿಯಾಯಿತು.

“ನಾನು ಆಸ್ಪತ್ರೆಯವನು. ಲೋಳೆ ಮೈಯವರ ಪರಿಚಯ ನನಗಿಲ್ಲ.”

“ಹಾಗಾದರೆ ತಪ್ಪಾಯಿತಪ್ಪ,” ಎಂದಳು ಅಜ್ಜಿ.

ಅಷ್ಟರಲ್ಲಿ ಅಲೆಯೊಂದು ಜಟ್ಟನ ಕಾಲಿಗೆ ಬಡಿಯಿತು. ಉಪ್ಪುನೀರು ತಾಗಿದ್ದೇ ಪಟ್ಟಿಯ ಬಿಗಿ ಸಡಿಲಿ, ಒಂದೊಂದು ಎಳೆಯೂ ಲೋಳೆಯಾಗಿ ಇಳಿಯತೊಡಗಿತು. ಏಡಿಗಳು ಮುಖ ಮುಖ ನೋಡಿಕೊಂಡವು.

ಪಟ್ಟಿ ಗಾಯವನ್ನು ಮೆಲ್ಲಗೆ ಬೇಡಿಕೊಂಡಿತು: “ನಾನು ಲೋಳೆಯೆಂದು ಊರಲ್ಲಿ ಯಾರಿಗೂ ಹೇಳಬೇಡ.”

“ಕಟ್ಟಿದ ದಿನವೇ ನನಗೆ ಗೊತ್ತಾಗಿತ್ತು,” ಎಂದಿತು ಗಾಯ. “ನನ್ನ ಉರಿ ತಣಿದದ್ದೇ ಆ ಲೋಳೆಯಿಂದ.”

ಮತ್ತೊಂದು ಅಲೆ ಪಟ್ಟಿಯನ್ನು ಕಿತ್ತು ತಂದು ಬಂಡೆಯ ಬುಡಕ್ಕೆ ಹಾಕಿತು. ಪಾಚಿಯಜ್ಜಿ ಸರಿದು ಜಾಗ ಕೊಟ್ಟಳು. ಅವಳು ನಾಲ್ಕು ಮಾತು ಬೈದಿದ್ದರೆ ಪಟ್ಟಿ ತಲೆ ಎತ್ತುತ್ತಿತ್ತೇನೋ.