ಕೆರೆಯಮ್ಮನಿಗೆ ಉಡಿಸಿದ ಸೀರೆ

"ಕೇಳ್ರಪ್ಪೋ ಕೇಳಿ! ಗಿಣಿಪಟ್ಟಣದ ದೊರೆ ಗುಂಡರಸರ ಅಪ್ಪಣೆ! ರಾಜಕುಮಾರಿ ಚಂದಲೆಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಕೇಳಿದ ಒಂದು ವರ. ತಪ್ಪಿದವರಿಗೆ ಸೆರೆಮನೆ. ಅಮಾವಾಸ್ಯೆಗೆ ತಲೆ ಹೋಗುತ್ತದೆ!"

ಕೊನೆಯ ಮಾತನ್ನು ಮಾತ್ರ ಡಂಗುರದವನು ಮೆಲ್ಲಗೆ ಹೇಳಿ ಕಾಲುಕಿತ್ತ. ಅವನಿಗೂ ಒಂದೇ ಕತ್ತು.

ಒಗಟು ರಾಜಕುಮಾರಿಯದು, ತಲೆ ಹೋಗುವ ಮಾತು ದೊರೆಯದು. ಮಗಳು ಹೊತ್ತು ಮೂಡಿದರೆ ದೋಣಿ ಹತ್ತಿ ಕೆರೆಯ ನೀರು, ಕೆಸರು, ಸತ್ತ ಮೀನು ಅಂತ ಹುಡುಕಿಕೊಂಡು ತರುತ್ತಿದ್ದಳು. "ಅಪ್ಪಾಜಿ, ಕೆರೆಗೆ ಕಾಯಿಲೆ" ಅಂದರೆ ದೊರೆ ನಗುತ್ತಿದ್ದ. ಸಭೆಯಲ್ಲಿ ಒಗಟು ಕೇಳಲು ಬಿಡಿ ಅಂತ ಅವಳು ಊಟ ಬಿಟ್ಟು ಕೂತಳು. ಆಗ ಒಗಟಿಗೆ ಒಪ್ಪಿದ, ಆದರೆ ಯಾರೂ ಬರದಿರಲಿ ಅಂತ ಹೆದರಿಕೆಯನ್ನೂ ಸೇರಿಸಿದ.

ಬಣ್ಣಗಾರರ ಕೇರಿಯ ಜಕ್ಕ ಈ ಡಂಗುರ ಕೇಳಿದಾಗ ಮೊಣಕೈವರೆಗೂ ಹಸಿರಾಗಿ ನಿಂತಿದ್ದ. ಗಿಣಿಪಟ್ಟಣದ ಗಿಣಿಹಸಿರು ರೇಷ್ಮೆ ಅಂದರೆ ಸೀಮೆಸೀಮೆಗೆಲ್ಲ ಹುಚ್ಚು. ಗಣಿಯ ಹಸಿರು ಕಲ್ಲನ್ನು ಅರೆದು ಕುದಿಸಿದರೆ ಆ ಬಣ್ಣ. ಬಣ್ಣ ಕುದಿಸುವ ಬಾನಿಯ ತಳದಲ್ಲಿ ಉಳಿದ ನೀರಿಗೆ ಅರಿಶಿನ ಕುಂಕುಮ ಹಾಕಿ, ಕೈಮುಗಿದು ಕೆರೆಗೆ ಹುಯ್ಯುವುದು ಕೇರಿಯ ಪದ್ಧತಿ. ಕೆರೆಯಮ್ಮನಿಗೆ ಸೀರೆ ಉಡಿಸುವುದು ಅಂತ ಅದರ ಹೆಸರು. ನೀರಿನ ಮೇಲೆ ಹಸಿರು ಹರಡುವಾಗ ಹೆಂಗಸರು ಆರತಿ ಎತ್ತುತ್ತಿದ್ದರು. ಜಕ್ಕನ ಹೆಂಡತಿ ಬಾಚವ್ವ ಎಲ್ಲರಿಗಿಂತ ಮುಂದೆ. ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು. ಈಗ ಮತ್ತೆ ತುಂಬಿದ ಹೊಟ್ಟೆ. ಕೆರೆಯಮ್ಮ ಈ ಸಲವಾದರೂ ಕಾಯಬೇಕಿತ್ತು.

"ಅರಮನೆ ಉಸಾಬರಿ ನಿಂಗ್ಯಾಕೆ? ನನ್ನ ತಾಳಿಗೆ ಕುತ್ತು ತರಬೇಡ," ಅಂದಳು ಬಾಚವ್ವ.

"ನೋಡೋಕೆ ಹೋಗ್ತೀನಿ ಕಣೆ. ಪುಕ್ಕಟೆ ಆಟ."

ಆಟ ಚೆನ್ನಾಗಿಯೇ ಇತ್ತು. ಮೀಸೆಗೆ ಬೆಣ್ಣೆ ಹಚ್ಚಿಕೊಂಡ ನೆರೆನಾಡಿನ ಯುವರಾಜ ಮೊದಲು ಬಂದ. ರಾಜಕುಮಾರಿ ನಗಲಿಲ್ಲ. "ನೀರಿಗೆ ಬಿದ್ದಾಗ ಎಳ್ಳಿನಷ್ಟು. ಪಾಚಿ ತಿಂದ ಸಿಗಡಿಯೊಳಗೆ ಕಡಲೆಯಷ್ಟು. ಸಿಗಡಿ ತಿಂದ ಮೀನಿನೊಳಗೆ ನೆಲ್ಲಿಕಾಯಿಯಷ್ಟು. ಮೀನು ತಿಂದವರೊಳಗೆ ತೆಂಗಿನಕಾಯಿಯಷ್ಟು. ಅದೇನು?" ಅಂದಳು.

"ಹಸಿವು!" ಅಂದ ಯುವರಾಜ. ಭಟರು ಎತ್ತಿಕೊಂಡು ಹೋದರು, ಬೆಣ್ಣೆಯ ಸಮೇತ.

ಆಸ್ಥಾನದ ಪಂಡಿತರ ಸೋದರಳಿಯ "ಗಾಳಿಮಾತು" ಅಂದ. ಅವನೂ ಹೋದ.

ಮಂತ್ರಿಯ ಮಗ ಸ್ವಲ್ಪ ಚುರುಕು. "ವಿಷ" ಅಂದ. ಸಭೆ ಹೋ ಎಂದಿತು. ರಾಜಕುಮಾರಿಯ ಕಣ್ಣಲ್ಲಿ ಒಂದಿಷ್ಟು ಜೀವ ಬಂತು. "ಸರಿ. ಎರಡನೆಯದು. ತಾಯಿ ಹಕ್ಕಿ ಕಾವು ಕೊಡದಿದ್ದರೆ ಮರಿ ಇಲ್ಲ. ಕಾವಿಗೆ ಕೂತರೆ ತಾಯಿಯ ಭಾರಕ್ಕೇ ಮರಿ ಸಾಯುತ್ತದೆ. ತಪ್ಪು ಯಾವುದರದ್ದು?"

"ತಾಯಿಯದೇ. ತಿನ್ನೋದು ಕಮ್ಮಿ ಮಾಡಬೇಕು!"

ಸಭೆಯ ಜತೆ ಜಕ್ಕನೂ ಹೊಟ್ಟೆ ಹಿಡಿದು ನಕ್ಕ. ಆಮೇಲೆ ನಗು ಅಲ್ಲೇ ಸಿಕ್ಕಿಕೊಂಡಿತು. ಜೊಂಡಿನ ನಡುವೆ ಕೊಕ್ಕರೆ ಮೊಟ್ಟೆಗಳು ಈರುಳ್ಳಿ ಸಿಪ್ಪೆಯ ಹಾಗೆ ಚೂರಾಗಿ ಬಿದ್ದಿದ್ದನ್ನು ಅವನು ನೋಡಿದ್ದ. ಕೊಕ್ಕರೆ ತಿನ್ನುವುದು ಕೆರೆಯ ಮೀನು. ಬಾಚವ್ವ ತಿನ್ನುವುದೂ ಅದೇ. ಬಸುರಿಗೆ ಬಲ ಬರಲಿ ಅಂತ ದಪ್ಪ ಮೀನನ್ನೇ ಹುಡುಕಿ ತಂದುಕೊಡುತ್ತಿದ್ದವನು ತಾನೇ.

ಕಾಲು ತಾನಾಗಿ ಮುಂದೆ ಹೋಯಿತು.

"ಯಾರಯ್ಯ ನೀನು, ಗಿಣಿಯ ತಮ್ಮನೋ?" ಅಂದ ದೊರೆ ಅವನ ಕೈ ನೋಡಿ.

"ಬಣ್ಣಗಾರ ಜಕ್ಕ, ಬುದ್ಧಿ. ಮೊದಲನೇದು ವಿಷ, ಅವರು ಹೇಳಿಬಿಟ್ರು. ಎರಡನೇದು... ತಪ್ಪು ತಾಯೀದಲ್ಲ. ಚಿಪ್ಪಿಂದು. ಆ ವಿಷ ತಾಯಿ ಮೈ ಸೇರಿದ್ರೆ ಮೊಟ್ಟೆ ಚಿಪ್ಪು ತೆಳ್ಳಗಾಗುತ್ತೆ. ಮುಟ್ಟಿದ್ರೆ ಒಡೆಯುತ್ತೆ." ಅವನು ತನ್ನ ಹಸಿರು ಕೈಗಳನ್ನು ನೋಡಿಕೊಂಡ. "ಪಾಪ, ಅದಕ್ಕೆ ಹೆಂಗೆ ಗೊತ್ತಾಗಬೇಕು."

"ಸರಿ," ಅಂದಳು ಚಂದಲೆ, ತೀರಾ ಸಣ್ಣ ದನಿಯಲ್ಲಿ. "ಮೂರನೆಯದು. ಹಗೆಯಿಲ್ಲದೆ, ಕದ್ದುಮುಚ್ಚದೆ, ಕೈಮುಗಿದು ಕೆರೆಗೆ ವಿಷ ಉಣಿಸಿದವರು ಯಾರು?"

ಜಕ್ಕನ ಬೆವರೂ ಹಸಿರಾಗಿ ಇಳಿಯಿತು. ಹೇಳಿದರೆ ತಪ್ಪೊಪ್ಪಿಗೆ. ಹೇಳದಿದ್ದರೆ ತಲೆಯೂ ಹೋಯಿತು, ಬಾಚವ್ವನ ಮಗುವೂ ಹೋಯಿತು. ಹಿಂದೆ ನಿಂತ ಕೇರಿಯವರಲ್ಲಿ ಯಾರೋ "ಬೇಡ ಕಣೋ" ಅಂದರು.

"ನಾನು," ಅಂದ.

ದೊರೆ ಸಿಂಹಾಸನದಿಂದ ನೆಗೆದ. "ಒಪ್ಪಿಕೊಂಡ! ಹಿಡೀರಿ ಅವನನ್ನ!"

"ಉತ್ತರ ಸರಿ, ಅಪ್ಪಾಜಿ. ಹಸಿರು ಕಲ್ಲಿನ ನೀರೇ ಆ ವಿಷ. ಸೀರೆ ಅಂದುಕೊಂಡು ಇವರು ಉಡಿಸಿದರು, ಮೀನಿನ ದಾರಿ ಹಿಡಿದು ಅದು ಇವರ ಮನೆಗೇ ವಾಪಸು ಬಂತು." ಚಂದಲೆ ಎದ್ದು ನಿಂತಳು. "ಆ ರೇಷ್ಮೆ ಯಾರಿಗೋಸ್ಕರ ಅಂತ ನಾನಿನ್ನೂ ಕೇಳಿಲ್ಲ. ಕೇಳಲಾ?"

ದೊರೆ ತನ್ನ ಹಸಿರು ಶಲ್ಯವನ್ನು ಮೆಲ್ಲಗೆ ಮಡಚಿ ತೊಡೆಯ ಕೆಳಗೆ ಹಾಕಿಕೊಂಡು ಕೂತ. "ವರ ಕೇಳಯ್ಯ. ಒಂದೇ."

ಜಕ್ಕ ಲೆಕ್ಕ ಹಾಕಿದ. ಬಾನಿ ಮುಚ್ಚಿಸಿ ಅಂದರೆ ದೊರೆ ಇವತ್ತು ಮುಚ್ಚಿಸಿ ನಾಳೆ ತೆರೆಸುತ್ತಾನೆ. ಹೆಂಡತಿಗೆ ಒಳ್ಳೆ ನೀರು ಕೊಡಿ ಅಂದರೆ ಪಕ್ಕದ ಮನೆಯವಳು?

"ನಿಮ್ಮನೆಗೆ ಬೆಟ್ಟದ ಚಿಲುಮೆ ನೀರು ಬರುತ್ತೆ, ನಮ್ಮ ಕೇರಿಗೆ ಕೆರೆ ನೀರು. ಅದಲುಬದಲು ಮಾಡ್ಕೊಡಿ ಬುದ್ಧಿ. ಅಷ್ಟೇ."

ಕೊಟ್ಟ ಮಾತು ತಪ್ಪಿದ ದೊರೆಗೆ ನಾಳೆ ಕಪ್ಪ ಕೊಡುವವರು ಯಾರು? ಒಂದು ಚೊಂಬು ಕೆರೆ ನೀರು ಬಂತು. ದೊರೆ ಅದನ್ನು ಮೂಸಿದ, ಬೆಳಕಿಗೆ ಹಿಡಿದ, ಕೆಳಗಿಟ್ಟ. ಹೊತ್ತು ಮುಳುಗುವುದರೊಳಗೆ ಬಾನಿಗಳ ಬಾಯಿಗೆ ಕಲ್ಲು ಬಿತ್ತು, ಗಣಿಗೆ ಬೇಲಿ ಬಿತ್ತು. ಒಗಟು ಬಿಡಿಸಿದ ಮೇಲೆ ಸೆರೆ ಯಾತಕ್ಕೆ ಅಂತ ರಾಜಕುಮಾರಿ ಯುವರಾಜನ ಗುಂಪನ್ನೂ ಬಿಡಿಸಿದಳು. ಬಣ್ಣಗಾರರಿಗೆ ಚಿಲುಮೆಯಿಂದ ಕಾಲುವೆ ತೋಡುವ ಕೆಲಸ, ಅರಮನೆಯ ಕಣಜದಿಂದ ಕೂಲಿ. ಆದರೂ ಕೆಲವರು ಜಕ್ಕನ ಜತೆ ಮಾತು ಬಿಟ್ಟರು. ಕಸುಬು ಕಳೆದವನು ಅಂತ.

ಕೆರೆಯ ಮೀನು ಬಿಟ್ಟಿದ್ದ ಬಾಚವ್ವ ಹೆತ್ತಳು. ಹೆಣ್ಣು. ಮೂಳೆಯೇ ಕಾಣುವಷ್ಟು ಸಣ್ಣದು, ಆದರೆ ಕೇರಿಗೆಲ್ಲ ಕೇಳುವ ಹಾಗೆ ಅತ್ತಿತು.

ದೊರೆ ಮಾತ್ರ ದಿನಾ ಬೆಳಿಗ್ಗೆ ಕೆರೆ ನೀರಿನ ಚೊಂಬು ಹಿಡಿದು ಮಗಳ ಬಾಗಿಲಿಗೆ ಬರುತ್ತಾನೆ.

"ಕೆರೆ ತಿಳಿಯಾಯ್ತೇನಮ್ಮ?"

"ವಿಷ ಕೆಸರಲ್ಲಿ ಕೂತಿದೆ, ಅಪ್ಪಾಜಿ. ಇನ್ನೂ ಇಲ್ಲ," ಅನ್ನುತ್ತಾಳೆ ಚಂದಲೆ. ಆಮೇಲೆ ಅದೇ ಚೊಂಬಿನಿಂದ ಮೊದಲ ಗುಟುಕು ತಾನು ಕುಡಿದು, ಅವನ ಕೈಗೆ ಕೊಡುತ್ತಾಳೆ.