ಅಮ್ಮನ ಸೀರೆಯ ನೀಲಿ

ಕಪಿಲೆಯ ದಡದ ಒಂದು ಆಶ್ರಮದಲ್ಲಿ ನಂಜುಂಡಾರಾಧ್ಯರು ಚಿತ್ರ ಬರೆಯುವುದನ್ನು ಕಲಿಸುತ್ತಿದ್ದರು. ಅಲ್ಲಿ ಒಂದೇ ಕಟ್ಟುಪಾಡು. ಬಣ್ಣವನ್ನು ಯಾರೂ ಕೊಳ್ಳುವಂತಿಲ್ಲ. ಕಲ್ಲೋ ಎಲೆಯೋ ಮಸಿಯೋ, ತಾವೇ ಅರೆದು ಮಾಡಿಕೊಳ್ಳಬೇಕು.

ಶಿಷ್ಯೆ ಹೈಮವತಿಗೆ ಇದು ಹಬ್ಬವಾಗಿತ್ತು. ಯಾವ ಹಳದಿ ಕಲ್ಲು ಸುಟ್ಟರೆ ಕೆಂಪಾಗುತ್ತದೆ, ಯಾವ ಎಲೆಯ ರಸ ಬಿಸಿಲಿಗೆ ಮಾಸುತ್ತದೆ, ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಿದ್ದಳು. ಅವಳ ಪುಸ್ತಕದಲ್ಲಿ ಚಿತ್ರಗಳಿಗಿಂತ ಪ್ರಶ್ನೆಗಳೇ ಹೆಚ್ಚು.

ಒಂದು ಬೆಳಗ್ಗೆ ಅವಳು ಅರೆಯುವ ಕಲ್ಲಿನ ಮುಂದೆ ಕೂತು ಅಳುತ್ತಿದ್ದಳು. ಕಲ್ಲಿನ ಮೇಲೆ ಚಿಟಿಕೆಯಷ್ಟು ಕಂದು ಪುಡಿ.

“ಏನಮ್ಮ ಇದು?” ಎಂದರು ಗುರುಗಳು.

“ಮಿಂಚುಳ್ಳಿ ಗರಿ. ಅಮ್ಮ ಕೊಟ್ಟಿದ್ದು.”

ಗುರುಗಳು ಅವಳ ಪಕ್ಕದಲ್ಲಿ ಕುಳಿತರು.

ತಾಯಿ ತೀರಿಕೊಂಡು ಇನ್ನು ಮೂರು ದಿನಕ್ಕೆ ವರ್ಷ ತುಂಬುತ್ತಿತ್ತು. ನದಿಯಲ್ಲಿ ಬಟ್ಟೆ ಒಗೆಯುವಾಗ ಸಿಕ್ಕಿದ ಆ ಗರಿಯನ್ನು ಮಗಳ ಕೈಗಿಟ್ಟು, ಈ ಬಣ್ಣದ್ದೊಂದು ಸೀರೆ ಉಡಬೇಕು ಕಣೇ ಎಂದಿದ್ದಳು ಆಕೆ. ಉಡಲಿಲ್ಲ. ಚಿತ್ರದಲ್ಲಾದರೂ ಉಡಿಸೋಣವೆಂದು ಹೈಮವತಿ ಅಮ್ಮನ ಮುಖ, ಕೈ ಎಲ್ಲ ಬರೆದು ಸೀರೆಯ ಜಾಗವನ್ನು ಖಾಲಿ ಬಿಟ್ಟಿದ್ದಳು.

“ಎಷ್ಟು ಅರೆದೆ?”

“ನುಣ್ಣಗೆ. ನೀವು ಹೇಳಿಕೊಟ್ಟ ಹಾಗೇ.”

“ನನ್ನ ಮಾತು ಕೇಳಿ ಕೆಟ್ಟವಳು ನೀನೊಬ್ಬಳೇ ಅಲ್ಲ ಬಿಡು.”

ಅವಳು ನಗಲಿಲ್ಲ. “ಇದ್ದದ್ದು ಒಂದೇ ಗರಿ. ಅಷ್ಟು ನೀಲಿ ಎಲ್ಲಿ ಹೋಯ್ತು ಗುರುಗಳೇ?”

ಗುರುಗಳು ಅಡುಗೆಮನೆಯ ಕಡೆ ಕೈ ತೋರಿದರು. ಸೂರಿನಿಂದ ಸೌದೆಯ ಹೊಗೆ ಏಳುತ್ತಿತ್ತು. ಹಿಂದೆ ದಟ್ಟವಾದ ಹುಣಸೆಮರ.

“ಮರದ ಮುಂದಿರೋ ಹೊಗೆ ಯಾವ ಬಣ್ಣ?”

“ನೀಲಿ.”

“ಮರ ದಾಟಿ ಆಕಾಶದ ಮುಂದೆ ಹೋದಾಗ?”

ಅವಳು ಕತ್ತೆತ್ತಿ ನೋಡಿದಳು. “ಕಂದು.”

“ನಡುವೆ ಯಾರು ಬಣ್ಣ ಬದಲಾಯಿಸಿದ್ರು?”

ಹೈಮವತಿ ಕಣ್ಣೊರೆಸಿಕೊಂಡಳು. ಬಹಳ ಹೊತ್ತು ಹೊಗೆಯನ್ನೇ ನೋಡಿದಳು.

“ಹೊಗೆಯಲ್ಲಿ ನೀಲಿ ಇಲ್ಲ,” ಎಂದಳು ನಿಧಾನವಾಗಿ. “ನೀಲಿ ಇರೋದು ಬೆಳಕಲ್ಲಿ. ತೆಳ್ಳಗಿನ ಹೊಗೆ ಅದನ್ನ ನಮ್ಮ ಕಡೆ ತಿರುಗಿಸ್ತಿದೆ. ಹಿಂದೆ ಕಪ್ಪಗಿದ್ರೆ ಮಾತ್ರ ನಮಗದು ಕಾಣುತ್ತೆ. ಗರಿಯಲ್ಲೂ ನೀಲಿ ಇರಲಿಲ್ಲ. ಅದರ ಹೆಣಿಗೆ ಬೆಳಕಿಂದ ನೀಲೀನ ಆರಿಸಿ ಕಳಿಸ್ತಿತ್ತು. ನಾನು ಆ ಹೆಣಿಗೇನೇ ಅರೆದುಬಿಟ್ಟೆ.”

“ಹೂಂ.”

“ಇದು ಚಿತ್ರದ ಪಾಠವೋ, ವಿಜ್ಞಾನದ್ದೋ?”

“ಹೊಗೆಗೆ ಗೊತ್ತಿಲ್ಲ. ನೀನ್ಯಾಕೆ ತಲೆ ಕೆಡಿಸ್ಕೋತೀಯ?”

ಗುರುಗಳು ಎರಡು ಬಟ್ಟಲು ತಂದಿಟ್ಟರು. ಒಂದರಲ್ಲಿ ಅಂಟು ಕಲಸಿದ ದೀಪದ ಮಸಿ. ಇನ್ನೊಂದರಲ್ಲಿ ನೀರುಮಜ್ಜಿಗೆಯಷ್ಟು ತೆಳ್ಳಗಿನ ಬಿಳಿ.

“ಮೊದಲು ಕಪ್ಪು. ಒಣಗಿದ ಮೇಲೆ ಬಿಳಿ.”

ಹೈಮವತಿ ಕುಂಚ ಮುಟ್ಟಲಿಲ್ಲ. “ಅಮ್ಮನಿಗೆ ಕಪ್ಪು ಉಡಿಸೋಕೆ ಕೈ ಬರಲ್ಲ ಗುರುಗಳೇ. ಈ ವರ್ಷವೆಲ್ಲ ನನಗೆ ಕಂಡಿದ್ದು ಅದೊಂದೇ.”

“ಗೊತ್ತು ಮಗಳೇ. ಹಚ್ಚು.”

ಹಚ್ಚಿದಳು. ಸೀರೆಯೆಲ್ಲ ಮಸಿಯಾಯಿತು. ಅದು ಬಿಸಿಲಲ್ಲಿ ಒಣಗುವವರೆಗೆ ಅವಳಿಗೆ ಚಿತ್ರದ ಕಡೆ ನೋಡಲಾಗಲಿಲ್ಲ.

ಆಮೇಲೆ ಬಿಳಿಯನ್ನು ಒಮ್ಮೆ ಎಳೆದಳು. ಕಪ್ಪಿನ ಮೇಲೆ ನೀಲಿ ಮೂಡಿತು. ಗರಿಯ ಹೊಳಪು ಅದಕ್ಕಿರಲಿಲ್ಲ, ಆದರೂ ಅದು ನೀಲಿಯೇ. ಎರಡು ಬಟ್ಟಲಲ್ಲಿ ಯಾವುದರಲ್ಲೂ ಇಲ್ಲದ ಬಣ್ಣ ಅಮ್ಮನ ಹೆಗಲ ಮೇಲಿತ್ತು.

ಅವಳಿಗೆ ಸಂತೋಷ ತಡೆಯಲಾಗಲಿಲ್ಲ. ಇನ್ನೊಮ್ಮೆ ಎಳೆದಳು, ಮತ್ತೊಮ್ಮೆ ಎಳೆದಳು. ಸೆರಗಿನ ತುದಿ ಸುಣ್ಣ ಬಳಿದ ಗೋಡೆಯಂತಾಯಿತು. ನೀಲಿ ಅಲ್ಲಿಂದ ಮಾಯವಾಯಿತು.

ಗುರುಗಳು ಅವಳ ಮಣಿಕಟ್ಟು ಹಿಡಿದುಕೊಂಡರು.

“ಅಲ್ಲಲ್ಲಿ ಕಪ್ಪು ಇನ್ನೂ ಇಣುಕುತ್ತಿದೆ ಗುರುಗಳೇ,” ಎಂದಳು ಅವಳು. “ಅದೊಂದು ಮುಚ್ಚಿಬಿಡ್ತೀನಿ.”

ಅವರು ಒದ್ದೆ ಬಟ್ಟೆಯಿಂದ ಸೆರಗಿನ ತುದಿಯನ್ನು ಮೆಲ್ಲಗೆ ಒರೆಸಿದರು. ಬಿಳಿ ತೆಳುವಾಗುತ್ತಾ ಬಂದಂತೆ ನೀಲಿ ತಿರುಗಿ ಬಂತು.

“ಮುಚ್ಚಬೇಡ ಮಗಳೇ. ಅಮ್ಮ ಉಟ್ಟಿರೋ ನೀಲಿ ನಿಂತಿರೋದೇ ಅದರ ಮೇಲೆ.”